ಎಂಜಿನ್ ಹೊರಡಿಸುವ ಮುನ್ನ

ಕೀಲಿಕೈ ತಿರುಗಿಸಿದೊಡನೆ ಮೋಟಾರು ಗಾಡಿಯ ಎಂಜಿನ್ ಹೊರಡುವುದು ನಮಗೆ ಸಹಜವೆನಿಸಿಬಿಟ್ಟಿದೆ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲ್ಯಾಕ್ ಗಾಡಿಗಳಲ್ಲಿ ಬಂದ ಬಳಿಕ ಈ ಸೌಕರ್ಯ ಎಲ್ಲೆಡೆ ಹಬ್ಬಿತು. ಅದಕ್ಕೆ ಮುಂಚೆ ಗಾಡಿಯ ಮುಂಭಾಗಕ್ಕೆ ಹ್ಯಾಂಡಲ್ ತೂರಿಸಿ ತೋಳಿನ ಬಲದಿಂದ ತಿರುಗಿಸಬೇಕಾಗಿತ್ತು. ಕಿಡಿ ಹೊತ್ತಿಗೆ ಮೊದಲೇ ಹಾರಿದರೆ ಹ್ಯಾಂಡಲ್ ಹಿಂದಕ್ಕೆ ಒದೆದು ಮುಂಗೈ ಮೂಳೆ ಮುರಿಯುತ್ತಿದ್ದುದೂ ಉಂಟು. ಹ್ಯಾಂಡಲ್ ಹೋಯಿತು, ಎಚ್ಚರಿಕೆಯ ಅಗತ್ಯ ಹೋಗಿಲ್ಲ.

ಮೊದಲು ಗಾಡಿ ನಿಂತಿರುವ ಸ್ಥಳವನ್ನು ನೋಡಿರಿ. ಅದರ ಹಿಂದೆ ಮುಂದೆ ಮಕ್ಕಳು ಆಡುತ್ತಿಲ್ಲವಷ್ಟೆ? ಷೆಡ್ಡಿನೊಳಗಿದ್ದರೆ ಬಾಗಿಲನ್ನು ಪೂರ್ತಿ ತೆರೆದಿಡಿ. ಎಂಜಿನ್ ಹೊರಟ ಕೂಡಲೆ ಗಾಡಿಯನ್ನು ಬಯಲಿಗೆ ತನ್ನಿರಿ. ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಿನೊಡನೆ ಒಳಹೊಕ್ಕು, ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ಓಕರಿಕೆ; ಬಳಿಕ ಎಚ್ಚರ ತಪ್ಪಿ ಪ್ರಾಣವೇ ಹೋದೀತು. ಮಳೆಯೆಂದು, ಚಳಿಯೆಂದು ಬಾಗಿಲು ಮುಚ್ಚಿ ಎಂಜಿನ್ ಕಾಯಿಸುವ ಅಭ್ಯಾಸ ಯಾರಿಗೂ ಬೇಡ.

ಇನ್ನು ಆಸನದಲ್ಲಿ ಕುಳಿತ ಮೇಲೆ. ಕೈಬ್ರೇಕು ಎಳೆದಿದೆಯೇ, ಗೇರು ನ್ಯೂಟ್ರಲ್‌ನಲ್ಲಿದೆಯೇ ಎಂದು ಕೈಯಿಂದಲೇ ಮುಟ್ಟಿ ನೋಡಿ. ಗೇರಿನಲ್ಲಿರುವುದನ್ನು ಮರೆತು ಕೀಲಿ ತಿರುಗಿಸಿದರೆ ಗಾಡಿ ತಟ್ಟನೆ ನೆಗೆದು ಎದುರಿಗಿದ್ದವರನ್ನು ಕೆಡವೀತು. ಕ್ಲಚ್ಚನ್ನು ಪೂರ್ತಿ ತುಳಿಯಿರಿ. ಗೇರು ಪೆಟ್ಟಿಗೆಯನ್ನು ತಿರುಗಿಸುವ ಹೊರೆ ಸ್ಟಾರ್ಟರಿಗೆ ತಪ್ಪುತ್ತದೆ. ಆಟೋಮ್ಯಾಟಿಕ್ ಗಾಡಿಯಾದರೆ ಗೇರು ‘ಪಾರ್ಕ್’ ಸ್ಥಾನದಲ್ಲಿರಲಿ, ಕಾಲು ಬ್ರೇಕಿನ ಮೇಲಿರಲಿ. ದೀಪ, ಫ್ಯಾನುಗಳನ್ನು ಆರಿಸಿಟ್ಟರೆ ಬ್ಯಾಟರಿಯ ಶಕ್ತಿಯೆಲ್ಲ ಸ್ಟಾರ್ಟರಿಗೆ ಸಿಗುತ್ತದೆ.

ಕಾರ್ಬ್ಯುರೇಟರ್ ಇದ್ದ ಹಳೆಯ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಗಾಡಿಗಳಲ್ಲಿ ಚಳಿಯ ಬೆಳಿಗ್ಗೆ ಚೋಕ್ ಎಳೆಯಬೇಕಾಗುತ್ತಿತ್ತು. ಗಾಳಿ ಕಡಿಮೆಯಾಗಿ ಪೆಟ್ರೋಲಿನ ಪಾಲು ಹೆಚ್ಚಲೆಂಬುದು ಅದರ ಉದ್ದೇಶ. ಇಂದಿನ ಇಂಜೆಕ್ಷನ್ ಗಾಡಿಗಳಲ್ಲಿ ಈ ಲೆಕ್ಕವನ್ನು ಯಂತ್ರವೇ ಹಾಕಿಕೊಳ್ಳುತ್ತದೆ. ಆದ್ದರಿಂದ ಆಕ್ಸಿಲರೇಟರನ್ನು ಮುಟ್ಟದೆ ಕೀಲಿ ತಿರುಗಿಸಿ, ಎಂಜಿನ್ ಹೊರಟೊಡನೆ ಕೈ ಬಿಡಿ. ಹೊರಡದಿದ್ದರೆ ಹತ್ತು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ. ಸ್ಟಾರ್ಟರ್ ಬಹಳ ವಿದ್ಯುತ್ತನ್ನು ಎಳೆದು ಬೇಗ ಕಾಯುತ್ತದೆ. ಅದಕ್ಕೂ ಬ್ಯಾಟರಿಗೂ ಅರ್ಧ ನಿಮಿಷ ವಿಶ್ರಾಂತಿ ಕೊಟ್ಟು ಮತ್ತೆ ಪ್ರಯತ್ನಿಸಿ.

ಎಂಜಿನ್ ಹೊರಟಿತೆಂದು ಅದನ್ನು ಕೂಡಲೇ ಅಬ್ಬರಿಸುವಂತೆ ತುಳಿಯುವುದೂ ತಪ್ಪು. ರಾತ್ರಿಯೆಲ್ಲ ಕೆಳಗಿಳಿದಿದ್ದ ಎಣ್ಣೆ ಮೇಲಿನ ಭಾಗಗಳಿಗೆ ಏರಲು ಕೆಲವು ಕ್ಷಣ ಬೇಕು. ಎಣ್ಣೆಯ ಒತ್ತಡದ ಕೆಂಪು ದೀಪ ಆರದಿದ್ದರೆ ಎಂಜಿನನ್ನು ಆಗಲೇ ನಿಲ್ಲಿಸಿ. ಆರಿತೆಂದರೆ ಬಹುಹೊತ್ತು ಕಾಯಬೇಕಾಗಿಲ್ಲ. ಮೊದಲ ಒಂದೆರಡು ಮೈಲಿ ಮೆಲ್ಲಗೆ ನಡೆಸಿದರಾಯಿತು.

ಷೆಡ್ಡಿನ ಬಾಗಿಲು, ಕೈಬ್ರೇಕು, ಗೇರು: ಈ ಮೂರನ್ನು ನೋಡಲು ಅರ್ಧ ನಿಮಿಷ ಸಾಕು. ಹೊಸದಾಗಿ ಗಾಡಿ ಕಲಿಯುತ್ತಿರುವ ಮನೆಯ ಮಕ್ಕಳ ಕೈಗೆ ಕೀಲಿ ಕೊಡುವ ಮೊದಲು ಇಷ್ಟನ್ನು ಕಲಿಸಿಕೊಡಿ.