ಬಾಯಿ ಬಿಡದ ಕೀಗಳು

ನಮ್ಮ ಕಡೆ ಯಾವ ಕಂಪನಿಯ ಕೀಬೋರ್ಡಾದರೂ ಅದಕ್ಕೆ ಹೆಸರು ಒಂದೇ: ಕ್ಯಾಸಿಯೊ. ಭಜನೆಯಲ್ಲಿ, ಆರ್ಕೆಸ್ಟ್ರಾದಲ್ಲಿ ಪೇಟಿಯ ಪಕ್ಕ ಅದು ಬಂದು ಕೂತು ಬಹಳ ವರ್ಷವಾಯಿತು. ಹಾಗೆ ಊರೂರು ಸುತ್ತಿ ಹಣ್ಣಾದ 61 ಕೀಗಳ ಸಿಂಥಸೈಜರ್ ಒಂದು ಕಳೆದ ಬೇಸಿಗೆಯಲ್ಲಿ ಶಹಾಬಾದದಿಂದ ನನ್ನ ಮೇಜಿಗೆ ಬಂತು. “ಸರ, ಹದಿಮೂರು ಕೀ ಬಾಯೇ ಬಿಡವಲ್ಲವು. ಕೆಲವು ಜೋರಾಗಿ ಒತ್ತಿದರ ಒಮ್ಮೊಮ್ಮೆ ನುಡಿತಾವ” ಎಂದರು ತಂದವರು.

ಆ ‘ಒಮ್ಮೊಮ್ಮೆ’ಯಲ್ಲೇ ಅರ್ಧ ರೋಗ ಗೊತ್ತಾಗುತ್ತದೆ. ತಂತಿ ತುಂಡಾಗಿದ್ದರೆ ನೀವು ಮೆಲ್ಲಗೆ ಒತ್ತಿ, ಗುದ್ದಿ, ಅದಕ್ಕೆ ಎಲ್ಲ ಒಂದೇ. ಜೋರಿಗೆ ಬಗ್ಗುವುದು ಧೂಳು.

ಕೀಯ ಕೆಳಗೆ ಸಿಲಿಕೋನ್ ರಬ್ಬರಿನ ಒಂದು ಪುಟ್ಟ ಬಟ್ಟಲು ಬೋರಲಾಗಿ ಕೂತಿರುತ್ತದೆ. ಅದರ ಒಳಗೆ ಕಾರ್ಬನ್ ಬೆರೆಸಿದ ಕಪ್ಪು ಬಿಲ್ಲೆ. ಅದರಡಿ ಸರ್ಕ್ಯೂಟ್ ಬೋರ್ಡಿನ ಮೇಲೆ, ಎರಡು ಬಾಚಣಿಕೆಗಳ ಹಲ್ಲುಗಳನ್ನು ಒಂದರೊಳಗೊಂದು ತೂರಿಸಿದಂತೆ, ಮುಟ್ಟಿಯೂ ಮುಟ್ಟದ ಎರಡು ಗೆರೆಗಳು. ಕೀ ಒತ್ತಿದರೆ ಬಿಲ್ಲೆ ಕೂತು ಎರಡನ್ನೂ ಬೆಸೆಯುತ್ತದೆ, ಸ್ವರ ಹುಟ್ಟುತ್ತದೆ. ನಡುವೆ ಪುಡಿಯ ಪದರ ಬಂದರೆ ಬೆಸುಗೆ ಇಲ್ಲ. 1970ರ ಮಿನಿಮೂಗ್‌ನಂಥ ಹಿರಿಯ ವಾದ್ಯಗಳಲ್ಲಿ ರಬ್ಬರಿನ ಬದಲು ಸಣ್ಣ ಲೋಹದ ತಂತಿಗಳು ಇದೇ ಕೆಲಸ ಮಾಡುತ್ತಿದ್ದವು. ಅಲ್ಲೂ ಶತ್ರು ಕೊಳೆಯೇ.

ನಮ್ಮಲ್ಲಿ ಆ ಶತ್ರುವಿಗೆ ಬರವೇ? ಶಹಾಬಾದ ಎಂದರೆ ಪರ್ಸಿ ಕಲ್ಲು. ಐವತ್ತು ಕೋಟಿ ವರ್ಷಕ್ಕೂ ಹಳೆಯ ಸಮುದ್ರದ ಕೆಸರು ಪದರಪದರವಾಗಿ ಗಟ್ಟಿಯಾದ ಸುಣ್ಣದ ಕಲ್ಲು ಅದು. ಅದೇ ಕಲ್ಲನ್ನು ನಂಬಿ ವಾಡಿ, ಸೇಡಂ, ಮಳಖೇಡಗಳಲ್ಲಿ ಸಿಮೆಂಟ್ ಕಾರ್ಖಾನೆಗಳು ಎದ್ದವು. ಚಿತ್ತಾಪುರದ ದಾರಿಯಲ್ಲಿ ಎದುರಿಗೆ ಲಾರಿ ಬಂದರೆ ಕಿಟಕಿಯ ಗಾಜು ಏರಿಸುವುದು ನಮಗೆ ರೂಢಿ. ಆದರೆ ಇಲ್ಲಿ ಇರುವುದು ಎರಡು ಬಗೆಯ ಧೂಳು, ಅದನ್ನು ರಿಪೇರಿ ಮಾಡುವವರು ಮರೆಯುತ್ತಾರೆ. ಸುಣ್ಣದ ಕಲ್ಲಿನ ಪುಡಿ ಸಾಧು. ವಿದ್ಯುತ್ತನ್ನು ತಡೆದು ಸುಮ್ಮನೆ ಕೂತಿರುತ್ತದೆ. ಸಿಮೆಂಟಿನ ಪುಡಿ ಹಾಗಲ್ಲ. ನೀರು ಸೋಕಿದರೆ ರಾಸಾಯನಿಕವಾಗಿ ಕೂಡಿಕೊಂಡು ಗಟ್ಟಿಯಾಗುತ್ತದೆ, ಕ್ಷಾರವನ್ನೂ ಬಿಡುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದವರು ತಮ್ಮ ಬೋರ್ಡಿಗೆ ತಾವೇ ಗಾರೆ ಬಳಿದಂತೆ. ಕಾಡಿನ ಅಂಚಿನ ಚಿಂಚೋಳಿಯಲ್ಲಿ ಈ ಕಾಟ ಕಡಿಮೆ. ಅಲ್ಲಿ ಮಳೆಗಾಲದ ತೇವಕ್ಕೆ ತಾಮ್ರ ಹಸಿರುಗಟ್ಟುವುದನ್ನು ನೋಡಿಕೊಳ್ಳಬೇಕು.

ಆದ್ದರಿಂದ ಮೊದಲು ಒಣ ಕೆಲಸ. ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು, ಮೆತ್ತನೆಯ ಬ್ರಷ್ಷಿನಿಂದ ಪುಡಿಯನ್ನೆಲ್ಲ ಹೊರಗೆ ತಳ್ಳಬೇಕು. ಆಮೇಲೆಯೇ ಮೊಬೈಲ್ ರಿಪೇರಿಯವರು ‘ಐಪಿಎ’ ಎನ್ನುವ ದ್ರವದಲ್ಲಿ, ಎಂದರೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ, ಅದ್ದಿದ ಹತ್ತಿಕಡ್ಡಿ. ಗಾಯಕ್ಕೆ ಹಚ್ಚುವ ಸ್ಪಿರಿಟ್ ಬೇಡ, ಅದರಲ್ಲಿ ನೀರಿದೆ. ಉಪ್ಪುಕಾಗದದಿಂದ ಉಜ್ಜಿದರೆ ಕೊಳೆಯ ಜೊತೆ ಕಾರ್ಬನ್ನೂ ಹೋಗುತ್ತದೆ. ಪೆಟ್ರೋಲಿಗೆ ಸಿಲಿಕೋನ್ ಉಬ್ಬುತ್ತದೆ. ಸುಣ್ಣಕ್ಕೆ ಲಿಂಬೆಹಣ್ಣು ಹಿಂಡಿದರೆ ನೊರೆ ಬಂದು ಕರಗುತ್ತದಲ್ಲ ಎಂದು ಜಾಣರೊಬ್ಬರು ಕೇಳಿದರು. ಕರಗುತ್ತದೆ, ನಿಜ. ಆದರೆ ಆ ಹುಳಿ ಸುಣ್ಣ ತಿಂದು ಅಲ್ಲಿಗೇ ನಿಲ್ಲುವುದಿಲ್ಲ, ತಾಮ್ರಕ್ಕೂ ಬಾಯಿ ಹಾಕುತ್ತದೆ.

ಇಷ್ಟಕ್ಕೆ ನಾಲ್ಕು ಕೀ ನುಡಿದವು. ನಾಲ್ಕೂ ನಡುವಿನ ಸಪ್ತಕದವು, ಹಾಡುವವರ ಷಡ್ಜದ ಸುತ್ತಮುತ್ತ ಹೆಚ್ಚು ದುಡಿದವು. ಬಿಲ್ಲೆಯೇ ಸವೆದಿದ್ದರೆ ಇನ್ನೊಂದು ಉಪಾಯವಿದೆ: ಯಾರೂ ಮುಟ್ಟದ ತುದಿಯ ಸಪ್ತಕದ ರಬ್ಬರ್ ಪಟ್ಟಿಯನ್ನು ನಡುವಿಗೆ ತಂದು, ನಡುವಿನದನ್ನು ತುದಿಗೆ ಕಳಿಸುವುದು.

ಉಳಿದದ್ದು ಒಂಬತ್ತು. ಅವು ಎಷ್ಟು ಗುದ್ದಿದರೂ ಮೂಕ. ಇಂಥಲ್ಲಿ ಸ್ಕ್ರೂಡ್ರೈವರ್ ಕೆಳಗಿಟ್ಟು ಕಾಗದ ಹಿಡಿಯಬೇಕು. ಎಡದಿಂದ ಎಣಿಸಿ ಬರೆದೆ: 3, 11, 19, 27, 35, 43, 51, 59. ಜೊತೆಗೆ ಒಂಟಿಯಾಗಿ 47. ಮೊದಲ ಎಂಟರ ನಡುವಿನ ಅಂತರ ನೋಡಿ, ಎಲ್ಲ ಕಡೆ ಎಂಟೇ. ಧೂಳಿಗೆ ಇಂಥ ಲೆಕ್ಕ ಬರುವುದಿಲ್ಲ.

61 ಕೀಗೆ 61 ತಂತಿ ಎಳೆದರೆ ದುಬಾರಿ. ಅದಕ್ಕೇ ಎಂಜಿನಿಯರುಗಳು ಎಂಟು ಅಡ್ಡ, ಎಂಟು ಉದ್ದ ಗೆರೆ ಹಾಕಿ ಪ್ರತಿ ಕೂಡುವಲ್ಲಿ ಒಂದು ಕೀ ಇಟ್ಟರು. ಹದಿನಾರೇ ತಂತಿಯಲ್ಲಿ 64 ಜಾಗ ಸಿಕ್ಕಿತು, ಚದುರಂಗದ ಮಣೆಯಂತೆ. ಒಳಗಿನ ಪ್ರೊಸೆಸರ್ ಒಂದೊಂದು ಗೆರೆಗೂ ಸರದಿಯಂತೆ ವಿದ್ಯುತ್ ಕೊಟ್ಟು, ಸೆಕೆಂಡಿಗೆ ನೂರಾರು ಸುತ್ತು ಹಾಕಿ, ಯಾವ ಕೂಡುವಲ್ಲಿ ಬೆರಳಿದೆ ಎಂದು ಕೇಳುತ್ತಲೇ ಇರುತ್ತದೆ. ಒಂದು ಗೆರೆ ಕಡಿದರೆ ಅದರ ಮೇಲಿನ ಎಂಟೂ ಒಟ್ಟಿಗೆ ಸಾಯುತ್ತವೆ. (ಎಲ್ಲ ವಾದ್ಯಗಳಲ್ಲೂ ಎಂಟರ ಲೆಕ್ಕವಿಲ್ಲ, ಆರು, ಹನ್ನೆರಡೂ ಇರುತ್ತವೆ.) ನನ್ನ ಎಂಟಕ್ಕೂ ಕಾರಣ ರಿಬ್ಬನ್ ಕೇಬಲ್ಲಿನ ಬುಡದಲ್ಲಿ ಬಿರುಕು ಬಿಟ್ಟ ಒಂದು ಬೆಸುಗೆ. ಕಾಯ್ದ ಬೆಸುಗೆ ಕಡ್ಡಿಯ ತುದಿ ತಾಗಿಸಿದ ಕ್ಷಣಕ್ಕೆ ಎಂಟೂ ಎದ್ದು ಕೂತವು.

ಮೆಲ್ಲಗೆ ನುಡಿಸಿದರೆ ಮೆಲ್ಲಗೆ ಕೇಳುವ ವಾದ್ಯಗಳಲ್ಲಿ ಪ್ರತಿ ಕೀಗೂ ಬಿಲ್ಲೆ ಕೂತು ಬೆಸೆಯುವ ಸಂಪರ್ಕ ಎರಡೆರಡು. ಮೊದಲನೆಯದು ಕೂಡಿದ ಮೇಲೆ ಎರಡನೆಯದು ಕೂಡಲು ಎಷ್ಟು ಮಿಲಿಸೆಕೆಂಡು ಹಿಡಿಯಿತು ಎಂಬುದರಿಂದ ಬೆರಳಿನ ವೇಗ ತಿಳಿಯುತ್ತದೆ. ಇಂಥ ವಾದ್ಯಗಳು ಒಂದಕ್ಕೊಂದು ಸಂದೇಶ ಕಳಿಸುವ 1983ರ ಮಿಡಿ ಪದ್ಧತಿಯಲ್ಲಿ ಅದನ್ನು 1ರಿಂದ 127ರ ಅಂಕಿಯಾಗಿ ಬರೆಯುತ್ತಾರೆ. ಎರಡರಲ್ಲಿ ಒಂದೇ ಕೊಳೆಯಾದರೂ ಲೆಕ್ಕ ತಪ್ಪಿ, ಕೆಲವು ವಾದ್ಯಗಳಲ್ಲಿ ಕೀ ಮೂಕವಾಗುತ್ತದೆ, ಕೆಲವದರಲ್ಲಿ ಒಂದೇ ಸಮ ಚೀರುತ್ತದೆ.

ಕೊನೆಗೆ 47. ಬಿಲ್ಲೆ ಚೊಕ್ಕ, ಗೆರೆ ಸರಿ. ಉಳಿದದ್ದು ಡಯೋಡ್, ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಕಾಳಿನಷ್ಟು ಬಿಡಿಭಾಗ. ಅದಿಲ್ಲದಿದ್ದರೆ ಮೂರು ಕೀ ಒಟ್ಟಿಗೆ ಒತ್ತಿದಾಗ ಒತ್ತದ ನಾಲ್ಕನೆಯದೂ ನುಡಿದುಬಿಡಬಹುದು. ಮೀಟರು ಹಿಡಿದರೆ ಒಂದು ದಿಕ್ಕಿನಲ್ಲಿ ಸುಮಾರು 0.6 ವೋಲ್ಟ್ ತೋರಿಸಬೇಕು. ಇದು ಎರಡೂ ಕಡೆ ಏನೂ ತೋರಿಸಲಿಲ್ಲ. ಹಳೇ ರೇಡಿಯೋದ ಬೋರ್ಡಿನಿಂದ ಒಂದು ಕಿತ್ತು ಹಾಕಿದೆ.

ಮುಚ್ಚಳ ಬಿಗಿದು ಕೊಟ್ಟಾಗ ತಂದವರು ಮೊದಲು ಒತ್ತಿದ್ದು ಅದೇ ಕೀಯನ್ನು. ಹಳೆಯ ರೂಢಿ, ಹೆಬ್ಬೆರಳಿನಿಂದ, ಪೂರ್ತಿ ಭಾರ ಬಿಟ್ಟು.