ನಂಬರ್ ಅಳಿಸಿದ ಸಾಕೆಟ್ ಡೂಪ್ಲಿಕೇಟ್ ಅಲ್ಲ

"ನೋಡಿ ಸಾರ್, ನಂಬರೇ ಅಳಿಸೋಗಿದೆ. ಡೂಪ್ಲಿಕೇಟ್ ಮಾಲು." ಕೆಂಚೇನಹಳ್ಳಿ ರಸ್ತೆಯ ಗ್ಯಾರೇಜುಗಳಿಂದ ಹಿಡಿದು ಮೈಸೂರು ರಸ್ತೆ ಕಮಾನಿನ ಬಳಿಯ ಪಂಕ್ಚರ್ ಅಂಗಡಿಗಳವರೆಗೆ, ರಾಜರಾಜೇಶ್ವರಿನಗರದಲ್ಲಿ ಈ ಮಾತು ಎಲ್ಲಿ ಹೋದರೂ ಕಿವಿಗೆ ಬೀಳುತ್ತದೆ. ಹೇಳುವವರೇನೂ ಅರೆಬರೆ ಕಲಿತವರಲ್ಲ. ಬುಲೆಟ್ಟಿನ ಸದ್ದು ಕೇಳಿಯೇ ಟ್ಯಾಪೆಟ್ ಸಡಿಲಾಗಿದೆ ಎನ್ನಬಲ್ಲವರು. ಅಂಥವರೇ ಸಾಕೆಟ್ಟಿನ ಮೈಮೇಲಿನ ಅಂಕಿ ಮಾಸಿತೆಂಬ ಒಂದೇ ಕಾರಣಕ್ಕೆ ಒಳ್ಳೆಯ ಮಾಲನ್ನು ಮೂಲೆಗೆಸೆದು, ಅಚ್ಚು ಆಳವಾಗಿ ಎದ್ದು ಕಾಣುವ ಇನ್ನೊಂದನ್ನು ಸಂಡೇ ಬಜಾರಿನಿಂದ ತರುತ್ತಾರೆ. ಅದು ನಾಲ್ಕು ದಿನದಲ್ಲಿ ನಟ್ಟಿನ ಮೂಲೆ ತಿಂದು ಗುಂಡಗೆ ಮಾಡಿದಾಗ ಬೈಗುಳ ಬೀಳುವುದು ನಟ್ಟಿಗೆ.

ಈ ನಂಬಿಕೆ ಬುಡದಲ್ಲೇ ತಪ್ಪು. ಅಂಕಿ ಎಷ್ಟು ಕಾಲ ಉಳಿಯುತ್ತದೆ ಎಂಬುದು ಅದನ್ನು ಯಾವ ಹಂತದಲ್ಲಿ, ಯಾವ ವಿಧಾನದಲ್ಲಿ, ಮೈಯ ಯಾವ ಜಾಗದಲ್ಲಿ ಹಾಕಿದರು ಎಂಬುದನ್ನು ಹೇಳುತ್ತದೆ. ಉಕ್ಕಿನ ಬಗ್ಗೆ, ಅದರ ಹದದ ಬಗ್ಗೆ ಅದು ಒಂದಕ್ಷರವನ್ನೂ ಹೇಳುವುದಿಲ್ಲ.

ಹಳೆಯ ಕ್ರಮ ಹೀಗಿತ್ತು. ಮಿಶ್ರಲೋಹದ ಸರಳಿನ ತುಂಡನ್ನು ಫೋರ್ಜ್ ಮಾಡಿ ಒಳಗಿನ ಷಟ್ಕೋನ ಮೂಡಿಸಿ, ಲೇತಿನಲ್ಲಿ ಹೊರಮೈ ತಿರುವಿ, ಲೋಹ ಇನ್ನೂ ಮೆತ್ತಗಿರುವಾಗಲೇ ಅಂಕಿಯ ಅಚ್ಚನ್ನು ಒತ್ತಿ ಉರುಳಿಸುತ್ತಿದ್ದರು. ಆಮೇಲೆ ಕಾಯಿಸಿ ಎಣ್ಣೆಗೆ ಅದ್ದಿ, ಮತ್ತೆ ಹದವಾಗಿ ಕಾಯಿಸಿ, ಉಜ್ಜಿ ನಯ ಮಾಡಿ, ಕೊನೆಗೆ ನಿಕ್ಕಲ್ ಮತ್ತು ಕ್ರೋಮ್ ಲೇಪ. ಇಂಥ ಅಂಕಿ ಲೋಹದೊಳಗೇ ಇಳಿದಿರುತ್ತದೆ, ಅದರ ಮೇಲೆ ಲೇಪದ ಹೊದಿಕೆಯೂ ಇರುತ್ತದೆ. ಸಾಕೆಟ್ ಸವೆದು ಮುಗಿದರೂ ಅದು ಓದಲು ಸಿಗುತ್ತದೆ. ಈಗ ಬಹಳಷ್ಟು ಕಾರ್ಖಾನೆಗಳಲ್ಲಿ ಲೇಪವೆಲ್ಲ ಮುಗಿದ ಮೇಲೆ ಲೇಸರ್ ಕಿರಣದಿಂದ ಅಂಕಿ ಬರೆಯುತ್ತಾರೆ. ಹತ್ತರ ಸಾಕೆಟ್ಟಿನಿಂದ ಹನ್ನೆರಡಕ್ಕೆ ಹೋಗಲು ಅಚ್ಚು ಬದಲಿಸುವ ಗೋಜಿಲ್ಲ, ಕಂಪ್ಯೂಟರಿನಲ್ಲಿ ಅಂಕಿ ಬದಲಿಸಿದರೆ ಮುಗಿಯಿತು. ಹೊಸದರಲ್ಲಿ ಅದು ಕಪ್ಪಗೆ, ಸ್ಫುಟವಾಗಿ, ಮುದ್ರಿಸಿದ ಹಾಗೆ ಕಾಣುತ್ತದೆ. ಆದರೆ ಅದು ಕೂತಿರುವುದು ಮೇಲ್ಮೈಯಲ್ಲಿ. ಅಲಂಕಾರದ ಕ್ರೋಮ್ ಪದರವೇ ಒಂದು ಮೈಕ್ರಾನಿಗಿಂತ ತೆಳು; ಕಿರಣವನ್ನು ಜೋರು ಮಾಡಿ ಕೊರೆದರೆ ಪದರ ಹರಿದು ಅಂಕಿಯ ಗೀಟಿನಲ್ಲೇ ತುಕ್ಕು ಹುಟ್ಟುತ್ತದೆ. ಹಾಗಾಗಿ ತಿಳಿದವರು ಹಗುರವಾಗಿಯೇ ಬರೆಯುತ್ತಾರೆ. ಹಗುರವಾಗಿ ಬರೆದದ್ದು ಬೇಗ ಮಾಸುತ್ತದೆ.

ಮಾಸಲು ನಮ್ಮ ಗ್ಯಾರೇಜುಗಳಲ್ಲಿ ಕಾರಣಗಳಿಗೆ ಬರವಿಲ್ಲ. ಸಂಜೆ ಎಲ್ಲ ಸಾಮಾನನ್ನೂ ಒಂದೇ ಟ್ರೇಗೆ ಸುರಿದು ಸೀಮೆಎಣ್ಣೆ ಹಾಕಿ ವೈರ್ ಬ್ರಷ್‌ನಲ್ಲಿ ತಿಕ್ಕುತ್ತಾರೆ. ತುಕ್ಕು ಕಂಡರೆ ಎಮರಿ ಪೇಪರ್. ಕೈಯಲ್ಲಿ ಎಣ್ಣೆಯ ಜೊತೆ ರಸ್ತೆಯ ಮರಳು. ಚಕ್ರದ ನಟ್ಟು ಬಿಚ್ಚುವ ಇಪ್ಪತ್ತೊಂದರ ಉದ್ದ ಸಾಕೆಟ್ಟನ್ನು ಹತ್ತಿರ ಹಿಡಿದು ನೋಡಿ: ಬಾಯಿಯ ಕಡೆಯ ಅರ್ಧ ಬೆಳ್ಳಗೆ ಉಜ್ಜಿಹೋಗಿರುತ್ತದೆ, ರ‍್ಯಾಚೆಟ್ ಕೂರುವ ಕಡೆ ಬಣ್ಣ ಇದ್ದ ಹಾಗೇ ಇರುತ್ತದೆ. ಡಿಸ್ಕಿನ ಕುಳಿಯೊಳಗೆ ಪ್ರತಿ ಸಲ ಹೋಗಿ ಬರುವಾಗ ಆ ಅರ್ಧ ತಿಕ್ಕಿಸಿಕೊಂಡದ್ದು. ಅಂಕಿ ಅಲ್ಲಿದ್ದರೆ ವರ್ಷವೂ ಉಳಿಯದು. ಹಿಂದಿನ ತುದಿಯಲ್ಲಿ ಸುತ್ತ ಕೊರೆದ ತಗ್ಗು ಪಟ್ಟಿಯೊಳಗಿದ್ದರೆ ಯಾವುದೂ ತಾಕದೆ ದಶಕ ಕಳೆಯುತ್ತದೆ. ಎರಡೂ ಒಂದೇ ಕಾರ್ಖಾನೆಯ, ಒಂದೇ ಉಕ್ಕಿನ ಸಾಕೆಟ್ಟುಗಳಾಗಿರಬಹುದು.

ಇನ್ನು ಆ ಆಳವಾದ ಅಚ್ಚಿನ ಮೋಹ. ಇಕ್ಕಟ್ಟಾದ ಜಾಗಕ್ಕೆ ಮಾಡಿದ ತೆಳು ಗೋಡೆಯ ಸಾಕೆಟ್ಟಿನಲ್ಲಿ ಆಳದ ಅಂಕಿ ದೋಷವೇ ಆಗಬಹುದು. ಗಟ್ಟಿ ಮಾಡಿದ ಉಕ್ಕಿನಲ್ಲಿ ಬಿರುಕು ಹುಟ್ಟುವುದು ಚೂಪು ಗೀಟಿನ ತಳದಲ್ಲಿ. ಒತ್ತಡವೆಲ್ಲ ಅಲ್ಲಿಗೇ ಬಂದು ಸೇರುತ್ತದೆ. ಗೋಡೆ ತೆಳುವಾದಷ್ಟೂ ಆ ಗೀಟು ತಿನ್ನುವ ಪಾಲು ದೊಡ್ಡದು. ಇತ್ತ ನಕಲಿ ಮಾಡುವವನಿಗೆ ಆಳವಾಗಿ ಅಚ್ಚೊತ್ತುವುದಕ್ಕಿಂತ ಸುಲಭದ ಕೆಲಸ ಬೇರೊಂದಿಲ್ಲ. ಅವನು ಉಳಿಸುವುದು ಉಕ್ಕಿನಲ್ಲಿ, ಹದ ಕಾಯಿಸುವ ಕುಲುಮೆಯಲ್ಲಿ, ಅಳತೆಯ ನಿಖರತೆಯಲ್ಲಿ. ಗಿರಾಕಿ ನೋಡುವುದು ಅಕ್ಷರವನ್ನು ಎಂದು ಗೊತ್ತಿದ್ದ ಮೇಲೆ ಅಕ್ಷರಕ್ಕೇಕೆ ಕಡಿಮೆ ಮಾಡುತ್ತಾನೆ?

ನೋಡಬೇಕಾದ್ದು ಬಾಯಿಯ ಅಳತೆ. ಎಂ8 ಬೋಲ್ಟಿನ ಹದಿಮೂರರ ನಟ್ಟನ್ನು ತೆಗೆದುಕೊಳ್ಳಿ. ಐಎಸ್‌ಒ ಮಾನಕದ ಪ್ರಕಾರ ಅದರ ಎದುರುಬದುರು ಮುಖಗಳ ಅಂತರ ಹೆಚ್ಚೆಂದರೆ 13.00 ಮಿ.ಮೀ., ಕಡಿಮೆಯೆಂದರೆ 12.73. ಸಾಕೆಟ್ಟಿನ ಬಾಯಿ ಹದಿಮೂರಕ್ಕಿಂತ ಒಂದು ಕೂದಲೆಳೆ ದೊಡ್ಡದಿರಲೇಬೇಕು, ಇಲ್ಲದಿದ್ದರೆ ಅದು ನಟ್ಟಿನ ಮೇಲೆ ಕೂರುವುದೇ ಇಲ್ಲ. ಆ ಕೂದಲೆಳೆ ಅರ್ಧ ಮಿಲಿಮೀಟರ್ ಆಯಿತೋ, ಬಲ ಬೀಳುವುದು ಮುಖದ ಮೇಲಲ್ಲ, ಬರೀ ಮೂಲೆಯ ಮೇಲೆ. ಮೊದಲ ಜಗ್ಗಿಗೇ ಮೂಲೆ ಹೋಯಿತು. ಹೊಸ ನಟ್ಟಿನ ಮೇಲೆ ಸಾಕೆಟ್ ಕೂರಿಸಿ ಕೈಯಲ್ಲಿ ಅತ್ತಿತ್ತ ತಿರುಗಿಸಿದರೆ ಎಷ್ಟು ಆಟ ಇದೆಯೆಂದು ಬೆರಳಿಗೇ ತಿಳಿಯುತ್ತದೆ. ಬಾಯಿಯ ಕಡೆಯಿಂದ ನೋಡಿದರೆ ಷಟ್ಕೋನ ನಡುಮಧ್ಯದಲ್ಲಿದೆಯೋ, ಒಂದು ಬದಿ ಗೋಡೆ ದಪ್ಪ ಇನ್ನೊಂದು ಬದಿ ತೆಳುವೋ ಕಾಣುತ್ತದೆ. ಇನ್ನೂ ಖಚಿತ ಬೇಕೆಂದರೆ 0.02 ಮಿ.ಮೀ. ಓದುವ ವರ್ನಿಯರ್ ಇದೆ. ನಮ್ಮದು ಯಾವ ಊರು? ಒಂದು ಕಡೆ ಪೀಣ್ಯ. ಇನ್ನೊಂದು ಕಡೆ ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿ 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಶುರುವಾದ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ. ಹಳ್ಳಿಯಿಂದ ಬಂದ ಹುಡುಗರು ಮಿಲಿಮೀಟರಿನ ನೂರನೇ ಭಾಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಕಲಿಯುವ ಊರು ಇದು. ಇಲ್ಲಿ ಒಂದು ಸಾಕೆಟ್ಟಿನ ಯೋಗ್ಯತೆಯನ್ನು ಅದರ ಮೈಮೇಲಿನ ಬರಹದ ಕಪ್ಪು ನೋಡಿ ತೀರ್ಮಾನಿಸುತ್ತಾರೆಂದರೆ ನನಗೆ ಸಿಟ್ಟು ಬರುತ್ತದೆ.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಬೇಡ. "ಎಂಟರ ಬೋಲ್ಟಿಗೆ ಎಂಟರ ಸಾಕೆಟ್" ಎನ್ನುವುದು ತಪ್ಪು: ಸಾಕೆಟ್ಟಿನ ಅಂಕಿ ತಲೆಯ ಅಗಲದ್ದು, ಬೋಲ್ಟಿನ ದಪ್ಪದ್ದಲ್ಲ. ಅದೇ ಎಂ8 ಬೋಲ್ಟಿಗೆ ಯುರೋಪಿನ ವಾಡಿಕೆಯಲ್ಲಿ ತಲೆ 13, ಜಪಾನಿನ ವಾಡಿಕೆಯಲ್ಲಿ 12. ಮಾರುತಿ ಬಿಚ್ಚುವವನ ಕೈ ಹನ್ನೆರಡು, ಹದಿನಾಲ್ಕಕ್ಕೂ, ಸ್ಕೋಡಾ ಬಿಚ್ಚುವವನ ಕೈ ಹದಿಮೂರು, ಹದಿನಾರಕ್ಕೂ ಹೋಗುವುದು ಅದಕ್ಕೇ. ಇದಕ್ಕೆ ತಿರುಗುಮುರುಗು ಹಳೇ ಬುಲೆಟ್ಟಿನ ಕಾಲದ ವಿಟ್‌ವರ್ತ್ ಸ್ಪ್ಯಾನರುಗಳದ್ದು: ಅವುಗಳ ಮೇಲಿನ ಕಾಲು ಇಂಚು ಬೋಲ್ಟಿನ ದಪ್ಪವೇ, ಬಾಯಿ ಮಾತ್ರ 0.525 ಇಂಚು. ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿಗಳಿಗೆ ಆ ತಾಪತ್ರಯ ಇರಲಿಲ್ಲ, ಅವು ಮೊದಲಿನಿಂದಲೂ ಮಿಲಿಮೀಟರಿನವು. "ಇಂಚೂ ಎಂಎಮ್ಮೂ ಒಂದೇ" ಎಂಬುದು ಮುಕ್ಕಾಲು ಇಂಚಿಗೂ ಹತ್ತೊಂಬತ್ತಕ್ಕೂ ಹೊಂದೀತು, ವ್ಯತ್ಯಾಸ 0.05 ಮಿ.ಮೀ. ಮಾತ್ರ; ಅರ್ಧ ಇಂಚಿನ ತಲೆಗೆ ಹದಿಮೂರು ಹಾಕಿದರೆ 12.7ಕ್ಕೂ 13ಕ್ಕೂ ನಡುವಿನ ಆಟಕ್ಕೆ ಮೂಲೆ ಸವೆಯಬಹುದು. ಮಿಲಿಮೀಟರ್ ಸಾಕೆಟ್ಟಿನ ಮೇಲೆ ಅರ್ಧ ಇಂಚು ಎಂದೋ 12.5 ಎಂದೋ ಬರೆದಿದ್ದರೆ ಅದು ರ‍್ಯಾಚೆಟ್ ಕೂರುವ ಚೌಕದ ಅಳತೆ, ನಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ಕ್ರೋಮ್ ವೆನೇಡಿಯಂ ಎಂಬ ಬರಹದ ಕ್ರೋಮ್ ಹೊರಗಿನ ಹೊಳಪಿನದಲ್ಲ, ಉಕ್ಕಿನೊಳಗೆ ಬೆರೆತದ್ದು. ಬೆರೆತಿದೆಯೋ ಇಲ್ಲವೋ ಬರಹದಿಂದ ಗೊತ್ತಾಗದು. ಹೊಳೆಯುವುದೇ ಗಟ್ಟಿ ಎಂದು ಕ್ರೋಮ್ ಲೇಪದ ಕೈ ಸಾಕೆಟ್ಟನ್ನು ಏರ್ ಗನ್ನಿಗೆ ಹಾಕುವುದು ಅಪಾಯ: ಲೇಪ ಚೂರಾಗಿ ಕಣ್ಣಿಗೆ ಸಿಡಿಯುತ್ತದೆ, ಸಾಕೆಟ್ಟೇ ಸೀಳಬಹುದು. ಗನ್ನಿಗೆಂದೇ ಮಾಡಿದ ಕಪ್ಪನೆಯ ಸಾಕೆಟ್ಟುಗಳು ಬೇರೆ ಇವೆ.

ಬರಹವನ್ನು ನಂಬುವ ಈ ಚಟ ಗ್ಯಾರೇಜಿಗೆ ಮಾತ್ರ ಸೀಮಿತವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಗ್ಯಾಸ್ ಸಿಲಿಂಡರಿನ ಕುತ್ತಿಗೆಯ ಪಟ್ಟಿಯ ಮೇಲೆ ಎ, ಬಿ, ಸಿ, ಡಿ ಅಕ್ಷರಗಳಲ್ಲೊಂದು, ಪಕ್ಕದಲ್ಲಿ ವರ್ಷದ ಎರಡಂಕಿ ಇರುತ್ತದೆ. ಎ ಅಂದರೆ ಜನವರಿಯಿಂದ ಮಾರ್ಚ್, ಡಿ ಅಂದರೆ ಅಕ್ಟೋಬರಿನಿಂದ ಡಿಸೆಂಬರ್. ಸಿಲಿಂಡರನ್ನು ಮತ್ತೆ ಕಡ್ಡಾಯ ಪರೀಕ್ಷೆಗೆ ಒಳಪಡಿಸಬೇಕಾದ ಗಡುವು ಅದು. ಅದನ್ನು ಎಕ್ಸ್‌ಪೈರಿ ಡೇಟ್ ಎಂದು, ದಾಟಿದ ಮರುದಿನ ಸಿಲಿಂಡರ್ ಸಿಡಿಯುತ್ತದೆಂದು ವಾಟ್ಸ್‌ಆ್ಯಪಿನಲ್ಲಿ ಹಂಚುವವರೇ, ಫುಟ್‌ಪಾತಿನಲ್ಲಿ ಐಎಸ್‌ಐ ಗುರುತಿನ ಸ್ಟಿಕ್ಕರ್ ಅಂಟಿಸಿದ ಹೆಲ್ಮೆಟ್ಟನ್ನು ಬೆರಳಲ್ಲಿ ಒತ್ತಿ ಕೂಡ ನೋಡದೆ ಮಗನ ತಲೆಗೆ ಹಾಕುತ್ತಾರೆ. ಒಂದು ಕಡೆ ಅಕ್ಷರ ಕಂಡು ಹೆದರಿಕೆ, ಇನ್ನೊಂದು ಕಡೆ ಅಕ್ಷರ ಕಂಡು ಧೈರ್ಯ. ಎರಡು ಕಡೆಯೂ ಬರಹದ ಹಿಂದಿರುವ ವಸ್ತುವನ್ನು ಯಾರೂ ನೋಡಲಿಲ್ಲ. ಹೆಲ್ಮೆಟ್ಟಿನ ವಿಷಯದಲ್ಲಿ ಇದಕ್ಕೆ ತೆರುವುದು ಪ್ರಾಣ.

ಅಂಕಿ ಅಳಿಸಿದ್ದರಿಂದ ತೊಂದರೆಯೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಹನ್ನೆರಡಕ್ಕೂ ಹದಿಮೂರಕ್ಕೂ, ಹದಿನೆಂಟಕ್ಕೂ ಹತ್ತೊಂಬತ್ತಕ್ಕೂ ಕಣ್ಣು ಮೋಸಹೋಗುತ್ತದೆ, ಕೈ ಅವಸರದಲ್ಲಿದ್ದಾಗ ತಪ್ಪಾದದ್ದೇ ಸಿಗುತ್ತದೆ. ಆರಕ್ಕೂ ಒಂಬತ್ತಕ್ಕೂ ಅಡಿಗೆರೆ ಇಲ್ಲದಿದ್ದರೆ ಅಂಕಿ ಇದ್ದೂ ಪ್ರಯೋಜನವಿಲ್ಲ. ಹಾಗಾಗಿ ಮಾಸಿದ್ದನ್ನು ಮತ್ತೆ ಬರೆದುಕೊಳ್ಳಬೇಕು. ಅಚ್ಚೊತ್ತಿದ ಅಂಕಿಯೊಳಗೆ ಕೊಳೆ ತುಂಬಿದ್ದರೆ ಥಿನ್ನರಿನಲ್ಲಿ ತೊಳೆದು ಬಿಳಿ ಬಣ್ಣ ಬಳಿದು ಮೇಲ್ಮೈಯನ್ನು ಬಟ್ಟೆಯಲ್ಲಿ ಒರೆಸಿ. ತಗ್ಗಿನಲ್ಲಿ ಉಳಿದ ಬಣ್ಣ ದೂರದಿಂದಲೇ ಓದಿಸುತ್ತದೆ. ಲೇಸರ್ ಬರಹ ಪೂರ್ತಿ ಹೋಗಿದ್ದರೆ ವಿದ್ಯುತ್ ಎನ್‌ಗ್ರೇವರ್ ತಂದು, ರ‍್ಯಾಚೆಟ್ ಕೂರುವ ತುದಿಯ ಬಳಿ ದಪ್ಪ ಗೋಡೆ ಇರುವಲ್ಲಿ ಹಗುರವಾಗಿ ಕೊರೆದು, ಮೇಲೊಂದು ಹನಿ ಎಣ್ಣೆ ಸವರಿ. ಬಣ್ಣದ ಟೇಪನ್ನೂ ಸುತ್ತಬಹುದು, ಆದರೆ ಯಾವ ಅಳತೆಗೆ ಯಾವ ಬಣ್ಣ ಎಂಬುದು ಎಲ್ಲ ಕಂಪನಿಗೂ ಒಂದೇ ಅಲ್ಲ, ನಿಮ್ಮ ಗ್ಯಾರೇಜಿನದೇ ಒಂದು ಪಟ್ಟಿ ಗೋಡೆಗೆ ಅಂಟಿಸಿಕೊಳ್ಳಿ. ನಂಬರ್ ಪಂಚ್ ಇಟ್ಟು ಸುತ್ತಿಗೆಯಲ್ಲಿ ಮಾತ್ರ ಹೊಡೆಯಬೇಡಿ. ಹದ ಮಾಡಿದ ಉಕ್ಕಿಗೆ ಆ ಏಟು ಸರಿಯಾಗಿ ಇಳಿಯುವುದಿಲ್ಲ, ಲೇಪ ಒಡೆಯುತ್ತದೆ, ಪಂಚಿನ ತುದಿ ಚೂರಾಗಿ ಹಾರಬಹುದು, ಮತ್ತು ಅಂಕಿ ಬಿದ್ದ ಜಾಗದಿಂದಲೇ ಮುಂದೊಂದು ದಿನ ಸಾಕೆಟ್ ಸೀಳುತ್ತದೆ.