ಮೂರು ತುಂಬೋವರೆಗೆ ಕೂಸನ್ನ ಎಲ್ಲಿ ಬಿಡೋದು?

ಹೆರಿಗೆ ರಜೆ ಮುಗಿಯೋ ವಾರ ಕೂತು ಒಂದು ಎಕ್ಸೆಲ್ ಶೀಟ್ ಮಾಡಿದ್ದೆ. ಬೆಂಗಳೂರಿನ ನಮ್ಮ ಏರಿಯಾದ ಡೇಕೇರ್‌ಗಳು, ತಿಂಗಳ ಫೀಸು, ಅಡ್ಮಿಷನ್ ದುಡ್ಡು. ಊಟಕ್ಕೆ ಬೇರೆ, ಸಂಜೆ ಆರೂವರೆ ದಾಟಿದರೆ ದಂಡ ಬೇರೆ. ಕೂಡಿಸಿದರೆ ಹೆಚ್ಚೂಕಡಿಮೆ ಮನೆ ಬಾಡಿಗೆಯಷ್ಟಾಯ್ತು. ಅವ್ವನಿಗೆ ಫೋನಲ್ಲಿ ಹೇಳಿದೆ. "ಸುಮ್ನ ಊರಿಗೆ ಬಾ, ಕೂಸು ನಾ ನೋಡ್ಕೋತೀನಿ" ಅಂದಳು.

ವರ್ಕ್ ಫ್ರಂ ಹೋಮ್ ಬರೆಸಿಕೊಂಡು ಕುರುಗೋಡಿಗೆ ಬಂದೆ. ಮಗಳು ಅಂಬೆಗಾಲಿಡೋವರೆಗೆ ಎಲ್ಲ ಚೆನ್ನಾಗಿತ್ತು. ಓಡೋಕೆ ಶುರು ಮಾಡಿದ ಮೇಲೆ ಅವ್ವನ ಮೊಣಕಾಲು ಕೈಕೊಟ್ಟಿತು. ಒಂದು ದಿನ ನಾನು ಕಾಲ್‌ನಲ್ಲಿದ್ದಾಗ ಮಗಳು ನೀರಿನ ತೊಟ್ಟಿ ಹತ್ತಿರ ಹೋಗಿದ್ದಾಳೆ, ಹಿಡಿಯೋಕೆ ಹೋದ ಅವ್ವ ಜಾರಿ ಬಿದ್ದಿದ್ದಾಳೆ. ಇಬ್ಬರಿಗೂ ಏನೂ ಆಗಲಿಲ್ಲ. ಆದರೆ ಆ ರಾತ್ರಿ ರಾಜೀನಾಮೆ ಮೇಲ್ ಟೈಪ್ ಮಾಡಿ ಡ್ರಾಫ್ಟ್‌ನಲ್ಲಿ ಇಟ್ಟಿದ್ದೆ.

ಮರುದಿನ ಅಂಗನವಾಡಿಗೆ ಹೋದೆ. "ಮೂರು ತುಂಬಿದ ಮ್ಯಾಲೆ ಕರ್ಕೊಂಡು ಬರ್ರಿ ಅಕ್ಕ" ಅಂದರು ಟೀಚರ್. ಅಲ್ಲಿಯವರೆಗೆ ತೂಕ ನೋಡ್ತಾರೆ, ಚುಚ್ಚುಮದ್ದಿಗೆ ಕರೀತಾರೆ, ಮನೆಗೆ ಆಹಾರದ ಪೊಟ್ಟಣ ಕೊಡ್ತಾರೆ. ಇಟ್ಟುಕೊಳ್ಳೋದಿಲ್ಲ. ಈ ಯೋಜನೆ ಶುರುವಾಗಿದ್ದು 1975ರ ಅಕ್ಟೋಬರ್ 2ರಂದು, ನಮ್ಮ ರಾಜ್ಯದಲ್ಲಿ ಮೊದಲು ತಿ. ನರಸೀಪುರದಲ್ಲಿ. ಅರ್ಧ ಶತಮಾನ ಆದರೂ ಮೂರರೊಳಗಿನ ಮಗು ಹಗಲು ಎಲ್ಲಿರಬೇಕು ಅನ್ನೋದಕ್ಕೆ ಉತ್ತರ ಪೂರ್ತಿ ಸಿಕ್ಕಿಲ್ಲ.

2023ರಲ್ಲಿ ಸರ್ಕಾರ ಘೋಷಿಸಿದ 'ಕೂಸಿನ ಮನೆ' ಆ ಉತ್ತರಕ್ಕೆ ಹತ್ತಿರ ಬರುತ್ತೆ. ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ, ನರೇಗಾ ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗಾಗಿ. ನೋಡಿಕೊಳ್ಳೋರೂ ಅದೇ ಊರಿನ ಹೆಣ್ಣುಮಕ್ಕಳು. ನನಗಂತೂ ಅದು ಸಿಗೋದಲ್ಲ ಅಂತ ಗೊತ್ತಿತ್ತು. ಆದರೆ ನಮ್ಮ ಓಣಿಯಲ್ಲಿ ಮೆಣಸಿನಕಾಯಿ ಬಿಡಿಸೋಕೆ ಹೋಗುವ ಅಕ್ಕನಿಗೂ ಸಿಗೋದಿಲ್ಲ ಅಂತ ಆಮೇಲೆ ತಿಳಿಯಿತು. ಯಾಕಂದ್ರೆ ಕುರುಗೋಡು ಪುರಸಭೆ. ಇಲ್ಲಿ ಗ್ರಾಮ ಪಂಚಾಯಿತಿಯೂ ಇಲ್ಲ, ನರೇಗಾವೂ ಇಲ್ಲ. ಹೊಲದಲ್ಲಿ ದುಡಿದರೂ ಕಾಗದದಲ್ಲಿ ಆಕೆ ಪಟ್ಟಣದವಳು.

ಆಕೆ ಏನು ಮಾಡ್ತಿದ್ದಳು ಗೊತ್ತಾ? ಸೀಸನ್ ಬಂದರೆ ನಾಲ್ಕನೇ ಕ್ಲಾಸಿನ ದೊಡ್ಡ ಮಗಳನ್ನ ಶಾಲೆ ಬಿಡಿಸಿ ಚಿಕ್ಕದನ್ನ ಆಕೆಯ ಸೊಂಟಕ್ಕೆ ಕೊಡ್ತಿದ್ದಳು. ನಾನು ನೌಕರಿ ಬಿಡೋದಾ ಬೇಡವಾ ಅಂತ ಒದ್ದಾಡ್ತಿದ್ದಾಗ ಆ ಹುಡುಗಿ ನಮ್ಮ ಕಟ್ಟೆ ಮೇಲೆ ತಮ್ಮನನ್ನ ಎತ್ತಿಕೊಂಡು ಕೂತಿರ್ತಿದ್ದಳು. ದಿನಾ ನೋಡ್ತಿದ್ದೆ, ಕೇಳಿರಲಿಲ್ಲ.

ದಾರಿ ತೋರಿಸಿದ್ದು ಅವ್ವ. ಓಣಿಯಲ್ಲೇ ಅಂಗನವಾಡಿ ಸಹಾಯಕಿಯಾಗಿ ನಿವೃತ್ತರಾದ ಆಯಮ್ಮ ಇದ್ದಾರೆ. ಬೆಳಿಗ್ಗೆ ಒಂಬತ್ತೂವರೆಯಿಂದ ನಾಲ್ಕರವರೆಗೆ ಅವರ ಪಡಸಾಲೆಯಲ್ಲಿ ನಾಲ್ಕು ಮಕ್ಕಳು. ಸಂಬಳದ ಎರಡು ಮನೆಯವರು ತಿಂಗಳಿಗೆ ಮೂರು ಸಾವಿರ, ಕೂಲಿಯ ಎರಡು ಮನೆಯವರು ಐನೂರು. ಬಾಗಿಲಿಗೆ ಅಡ್ಡಪಟ್ಟಿ, ತೊಟ್ಟಿಗೆ ಮುಚ್ಚಳ ನಾವೇ ಮಾಡಿಸಿದ್ವಿ. ಆಟಕ್ಕೆ ತಟ್ಟೆ, ಲೋಟ, ಹುಣಸೆಬೀಜ ಅಂದ್ರು ಆಯಮ್ಮ. ಹುಣಸೆಬೀಜ ಮಾತ್ರ ಬೇಡ, ನುಂಗಿಬಿಡ್ತಾವೆ ಅಂತ ನಾನು ಜಗಳ ಮಾಡಿ ಗೆದ್ದೆ. ದೊಡ್ಡ ಹುಡುಗಿ ಶಾಲೆಗೆ ವಾಪಸ್ ಹೋದಳು. ನಾಲ್ಕರ ನಂತರದ ನನ್ನ ಮೀಟಿಂಗುಗಳು ಮಾತ್ರ ಇವತ್ತಿಗೂ ಮಗಳ ಸಾಕ್ಷಿಯಲ್ಲೇ ನಡೀತಾವೆ.

ಆಫೀಸಿಗೆ ಹೋಗುವವರಿಗೆ ಒಂದು ಮಾತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ 26 ವಾರದ ರಜೆಯನ್ನಷ್ಟೇ ತರಲಿಲ್ಲ. ಐವತ್ತು ಅಥವಾ ಹೆಚ್ಚು ಜನ ಇರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ನೋಡಬಹುದು ಅಂತಲೂ ಹೇಳಿತು. ಎಚ್‌ಆರ್‌ಗೆ ಒಂದು ಮೇಲ್ ಹಾಕಿ ಕೇಳಿ. ನಾನು ಕೇಳದೇ ಎಕ್ಸೆಲ್ ಮಾಡ್ತಾ ಕೂತಿದ್ದೆ.

ಮಗಳಿಗೆ ಈಗ ಮೂರು ತುಂಬಿದೆ. ಅಂಗನವಾಡಿಗೆ ಹೋಗ್ತಾಳೆ, ಮೊಟ್ಟೆ ಕೊಡೋ ದಿನ ತಾನೇ ಚಪ್ಪಲಿ ಹಾಕ್ಕೊಂಡು ನಿಲ್ತಾಳೆ. "ಇಂಜಿನಿಯರ್ ಮಗಳು ಅಂಗನವಾಡಿಗಾ?" ಅಂದವರಿದ್ದಾರೆ. ಒಂದು ಬೆಳಿಗ್ಗೆ ಬಂದು ಕೂತು ನೋಡ್ರಿ ಅಂದೆ. ಟೀಚರ್ ಮೊಬೈಲಲ್ಲಿ ಪೋಷಣ್ ಟ್ರ್ಯಾಕರ್ ತುಂಬೋದು ಕಡಿಮೆಯಾದರೆ ಹಾಡು ಇನ್ನೂ ಎರಡು ಜಾಸ್ತಿ ಆಗಬಹುದು, ಅದೊಂದು ತಕರಾರು ನನ್ನದು.

ಆಯಮ್ಮನ ಪಡಸಾಲೆಯಲ್ಲಿ ಈಗ ಮೂರೇ ಮಕ್ಕಳು. ಮೆಣಸಿನಕಾಯಿ ಬಿಡಿಸೋದು ಮುಂದಿನ ವಾರ ಶುರು. ಅಷ್ಟರಲ್ಲಿ ಆಯಮ್ಮ ಮಗಳ ಬಾಣಂತನಕ್ಕೆ ಸಿರುಗುಪ್ಪಕ್ಕೆ ಹೊರಟಿದ್ದಾರೆ, ಹದಿನೈದು ದಿನ. ಬದಲಿಗೆ ಯಾರಾದರೂ ಸಿಗ್ತಾರಾ ಅಂತ ನಾನೂ ಅವ್ವನೂ ಓಣಿ ಓಣಿ ಕೇಳ್ತಾ ಇದ್ದೀವಿ.